ರಜಾ ಕೇಳಲು ಬಾರದವನು

ಹೋದ ಆಷಾಢದಲ್ಲಿ ಕುದೂರಿನಿಂದ ಒಂದು ಕಾಗದ ಬಂತು. ಬರೆಸಿದವಳು ಅವನ ಮಗಳು. ಅಪ್ಪ ತೀರಿಕೊಂಡ, ಮೂರು ದಿನ ಮಾತು ನಿಂತಿತ್ತು, ಆಮೇಲೆ ನಿದ್ದೆಯಲ್ಲೇ ಹೋದ ಎಂದಿತ್ತು. ಓದಿ ಮುಗಿಸಿದಾಗ ನನಗೆ ಮೊದಲು ನೆನಪಾದದ್ದು ಅವನ ಮುಖವಲ್ಲ, ಅವನ ಬಲಗೈ. ಆ ಕೈ ನಿದ್ದೆಯಲ್ಲಿ ಸುಮ್ಮನೆ ಬಿದ್ದಿತ್ತು ಎಂದರೆ ನಂಬುವುದು ನನಗೆ ಇವತ್ತಿಗೂ ಕಷ್ಟ.

ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಅವನ ಕೈಲಿ ಹೊಡೆಸಿಕೊಂಡವರ ಮಕ್ಕಳು ಮೊಮ್ಮಕ್ಕಳು ಆ ಸೀಮೆಯಲ್ಲಿ ಇನ್ನೂ ಇದ್ದಾರೆ. ಮಗಳು ಅವರ ನಡುವೆಯೇ ಬಾಳಬೇಕು.

ಈಗಿನ ರಾಮನಗರವನ್ನು ಆಗ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ರೈಲ್ವೆ ಸ್ಟೇಷನ್ನಿನಿಂದ ಪೇಟೆಗೆ ಹೋಗುವ ದಾರಿಯಲ್ಲಿ ಹೆಂಚಿನ ಮಾಡಿನ ಒಂದು ಮಾಂಸದೂಟದ ಹೋಟೆಲಿತ್ತು. ನಾನು ಅಲ್ಲಿ ಬಡಿಸುತ್ತಿದ್ದೆ. ಕನಕಪುರದ ಕಡೆಯವನು ನಾನು, ಇಪ್ಪತ್ತಾರು ವಯಸ್ಸು. ಅವನು ಅಲ್ಲಿ ಅಡಿಗೆಯವನು. ಕುರಿ ಕಡಿಯುವುದೂ ಅವನ ಕೆಲಸವೇ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವನಾದ್ದರಿಂದ ಅಣ್ಣ ಎನ್ನುತ್ತಿದ್ದೆ.

ಕೆಲಸಕ್ಕೆ ಸೇರಿದ ಮೊದಲ ದಿನವೇ ಅವನನ್ನು ಹಿತ್ತಿಲಲ್ಲಿ ಕಂಡೆ. ಒಬ್ಬ ಆಳಿನ ಜುಟ್ಟು ಹಿಡಿದು ಎಳೆದಾಡುತ್ತಿದ್ದ. ಇನ್ನೊಂದು ಕೈಯಲ್ಲಿ ಆಗ ತಾನೇ ಕಡಿದ ಕುರಿಯ ಕಾಲು. ಅದರಲ್ಲೇ ಅವನ ಮುಖಕ್ಕೆ ಬಾರಿಸುತ್ತಿದ್ದ. ಅಣ್ಣ ಬೇರೆ ಕೆಲಸದಲ್ಲಿದ್ದಾಗ ಆ ಆಳು ಕುರಿಯನ್ನು ಕಡಿಯಲು ಹೋಗಿ, ಮೊದಲ ಏಟು ತಪ್ಪಿ, ಎರಡನೆಯದಕ್ಕೆ ಕತ್ತಿ ಎತ್ತಿದ್ದನಂತೆ. ಆಳು ಬಿಡಿಸಿಕೊಂಡು ಓಡಿದಾಗ ಕೆನ್ನೆಯ ಮೇಲೆ ಗೊರಸಿನ ಗುರುತು ಎದ್ದು ಕಾಣುತ್ತಿತ್ತು. ಮತ್ತೆ ಅವನು ಕೆಲಸಕ್ಕೆ ಬರಲಿಲ್ಲ.

ಕುರಿ ಸಾಕುವ ಮನೆಯಲ್ಲಿ ಹುಟ್ಟಿದವನು ಅಣ್ಣ. ಕಡಿಯುವ ಮೊದಲು ಕುರಿಗೆ ನೀರು ಕುಡಿಸಿ, ಕೊಂಬಿನ ಬುಡವನ್ನು ಹೆಬ್ಬೆರಳಿನಲ್ಲಿ ನಿಧಾನವಾಗಿ ತಿಕ್ಕುತ್ತಿದ್ದ. ಅದು ಕಣ್ಣು ಅರೆ ಮುಚ್ಚುವ ಹೊತ್ತಿಗೆ ಕತ್ತಿ ಬಿದ್ದಿರುತ್ತಿತ್ತು. ಯಾವತ್ತೂ ಒಂದೇ ಏಟು. ಆಮೇಲೆ ನಿಂತುಕೊಂಡೇ ಎರಡು ಮುದ್ದೆ ಉಂಡು, ಮೂಳೆ ಚೀಪಿ, ಬೀಡಿ ಹಚ್ಚುತ್ತಿದ್ದ.

ಮಾತು ಅವನಿಗೆ ಬರುತ್ತಿರಲಿಲ್ಲ. ಮೂಗನೇನಲ್ಲ. ಆದರೆ ಬೇಕಾದ ಮಾತು ಬೇಕಾದ ಹೊತ್ತಿಗೆ ಗಂಟಲಿನಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಅದು ಏಳುವುದರೊಳಗೆ ಕೈ ಎದ್ದಿರುತ್ತಿತ್ತು. ಹೀಗೇಕೆ ಹೊಡೀತೀಯಣ್ಣ ಎಂದು ಒಮ್ಮೆ ಕೇಳಿದ್ದಕ್ಕೆ, "ಬಾಯಲ್ಲಿ ಯೋಳಾಕೆ ಹೊತ್ತಾಯ್ತದೆ ಕಣ್ಲಾ" ಎಂದಿದ್ದ. ತಮಾಷೆಗೆ ಆಡಿದ ಮಾತಲ್ಲ ಅದು.

ನನಗೂ ಒಂದು ಏಟು ಬಿದ್ದಿತ್ತು. ಜನ ಹೆಚ್ಚಾಗಿದ್ದ ದಿನ ಸಾರು ಸಾಲದೆಂದು ನಾನು ಅದಕ್ಕೆ ಎರಡು ಚೊಂಬು ಬಿಸಿನೀರು ಹಾಕಿದ್ದೆ. ಅವನು ಬೆರಳದ್ದಿ ನೆಕ್ಕಿ ನೋಡಿದ. ಊಟಕ್ಕೆ ಕೂತವರ ನಡುವೆಯೇ ನಡೆದು ಬಂದು ಕೆನ್ನೆಗೆ ಬಿಟ್ಟ. ನನ್ನ ಕೈಯಲ್ಲಿದ್ದ ಪಾತ್ರೆ ಗೋಡೆಗೆ ಹೋಗಿ ಬಡಿಯಿತು. ಎಡಗಿವಿ ಮೂರು ದಿನ ಗುಂಯ್ ಎನ್ನುತ್ತಿತ್ತು. ಅವತ್ತು ಮಧ್ಯಾಹ್ನ ನಾನು ಉಣ್ಣಲು ಕೂತಾಗ ಅವನು ಬಂದು ಹುರಿದ ಕುರಿಯ ಈಲಿಯ ತುಂಡುಗಳನ್ನು ನನ್ನ ತಟ್ಟೆಗೆ ಸುರಿದ. "ತಿನ್ನು" ಎಂದ. ತಿಂದು ಮುಗಿಸುವವರೆಗೂ ತಲೆಯ ಮೇಲೇ ನಿಂತಿದ್ದ.

ಮುಸುರೆ ತಿಕ್ಕಲು ಒಬ್ಬ ಮುದುಕಿ ಬರುತ್ತಿದ್ದಳು. ಒಂದು ದಿನ ಚನ್ನಪಟ್ಟಣದ ಗಾಡಿಯವನೊಬ್ಬ ತನ್ನ ತಟ್ಟೆ ಸರಿಯಾಗಿ ತೊಳೆದಿಲ್ಲವೆಂದು ಅವಳನ್ನು ಕರೆಸಿ, ಉಂಡ ತಟ್ಟೆಯನ್ನು ಅವಳ ಮುಖಕ್ಕೆ ಒತ್ತಿ ಉಜ್ಜಿದ. ಮುದುಕಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಣ್ಣ ಒಳಗಿನಿಂದ ಬಂದದ್ದನ್ನು ಯಾರೂ ನೋಡಲಿಲ್ಲ. ಗಾಡಿಯವನ ಹೆಗಲ ಮೂಳೆ ಒಣ ಸೌದೆ ಮುರಿದ ಹಾಗೆ ಸದ್ದು ಮಾಡಿದ್ದನ್ನು ಎಲ್ಲರೂ ಕೇಳಿದೆವು. ಅವನು ನೆಲಕ್ಕೆ ಬಿದ್ದ ಮೇಲೂ ಇವನು ಒದೆಯುವುದನ್ನು ನಿಲ್ಲಿಸಲಿಲ್ಲ. ಹಲ್ಲು ಎರಡು ಉದುರಿದವು.

ಆ ಸಂಗತಿ ತಾಲ್ಲೂಕಿನ ಅಮಲ್ದಾರರ ತನಕ ಹೋಯಿತು. ಇನ್ನು ಒಂದು ವರ್ಷ ಯಾರ ಮೇಲೂ ಕೈ ಮಾಡುವುದಿಲ್ಲ ಎಂದು ಅವನಿಂದ ಮುಚ್ಚಳಿಕೆ ಬರೆಸಿಕೊಂಡರು. ಹೋಟೆಲಿನ ಯಜಮಾನರು ಜಾಮೀನು ನಿಂತರು. ಯಜಮಾನರ ಅಪ್ಪಣೆ ಇಲ್ಲದೆ ಊರು ಬಿಟ್ಟು ಹೋಗಕೂಡದು ಎಂದೂ ಅದರಲ್ಲಿತ್ತು. ಯಜಮಾನರು ಗದರುವ ಮನುಷ್ಯ, ಆದರೆ ಕೆಟ್ಟವರಲ್ಲ. ಅವತ್ತು ಅವನನ್ನು ಕರೆದು, "ನೋಡಯ್ಯಾ, ನೀನು ಕೈ ಎತ್ತಿದ್ರೆ ನಾನೂ ಕಟಕಟೆ ಹತ್ಬೇಕು. ಕೈ ಕಟ್ಕೊಂಡಿರು" ಎಂದರು.

ಅವನು ಕೈ ಕಟ್ಟಿಕೊಂಡ. ಏಳು ತಿಂಗಳು ಯಾರಿಗೂ ಹೊಡೆಯಲಿಲ್ಲ. ಸಿಟ್ಟು ಬಂದಾಗ ಹಿತ್ತಿಲಿಗೆ ಹೋಗಿ ಕೊಡಲಿ ಹಿಡಿದು ಸೌದೆ ಒಡೆಯುತ್ತಿದ್ದ. ಒಡೆದ ಸೌದೆ ಗೋಡೆಯೆತ್ತರ ಬೆಳೆಯಿತು.

ಅವನ ಹೆಂಡತಿ ಹೆರಿಗೆಯಲ್ಲಿ ಸತ್ತಿದ್ದಳು. ಎಂಟು ವರ್ಷದ ಮಗಳನ್ನು ಅವನ ಅಕ್ಕ ಸಾಕುತ್ತಿದ್ದಳು, ಸಾವನದುರ್ಗದ ಬುಡದ ಒಂದು ಹಳ್ಳಿಯಲ್ಲಿ. ಅಪ್ಪ ಅವ್ವ ಹೋದ ಮೇಲೆ ಅವನನ್ನು ಸಾಕಿದವಳೂ ಆ ಅಕ್ಕನೇ. ಅವಳ ಮಾತು ಬಂದಾಗ ಮಾತ್ರ ಅವನ ಮುಖ ಸಡಿಲವಾಗುತ್ತಿತ್ತು. "ನಂಗೆ ಹೊಡ್ದು ದಕ್ಕುಸ್ಕೊಂಡೋಳು ಅವ್ಳೊಬ್ಳೇಯ" ಎನ್ನುತ್ತಿದ್ದ.

ಆ ವರ್ಷ ದಸರೆಗೆ ಇನ್ನು ನಾಲ್ಕು ದಿನ ಇತ್ತು. ಮೈಸೂರಿಗೆ ಹೋಗುವ ರೈಲುಗಳೆಲ್ಲ ತುಂಬಿ ತುಳುಕುತ್ತಿದ್ದವು. ಸ್ಟೇಷನ್ನಿನಲ್ಲಿ ಇಳಿದವರು, ಗಾಡಿ ಕಟ್ಟಿಕೊಂಡು ಬಂದವರು ಎಲ್ಲರೂ ನಮ್ಮಲ್ಲೇ ಊಟಕ್ಕೆ ನುಗ್ಗುತ್ತಿದ್ದರು. ಬೆಳಗಿನ ಹತ್ತು ಗಂಟೆಗೆ ಅಣ್ಣನ ಊರಿನವನೊಬ್ಬ ಹಿತ್ತಿಲ ಬೇಲಿಯ ಆಚೆಯೇ ನಿಂತು ಅವನನ್ನು ಕರೆದ. ಒಳಗೆ ಬಾ ಎಂದರೆ ಬರಲಿಲ್ಲ.

"ಊರಲ್ಲಿ ಇಲಿ ಬಿದ್ದವೆ. ಎಲ್ಲಾ ಹೊಲಕ್ಕೆ ಹೋಗಿ ಗುಡ್ಲು ಹಾಕೊಂಡವ್ರೆ. ನಿಮ್ಮಕ್ಕುಂಗೆ ನೆನ್ನೆ ಕಂಕುಳಲ್ಲಿ ಗಡ್ಡೆ ಎದ್ದೈತೆ. ಯಾರೂ ತಾವ್ಕೆ ಹೋಯ್ತಿಲ್ಲ. ನಿನ್ ಮಗ್ಳೊಬ್ಳೇ ನೀರು ಕೊಡ್ತಾವ್ಳೆ."

ಇಲಿ ಬಿದ್ದವು ಎಂದರೆ ಪ್ಲೇಗು. ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅಣ್ಣ ನನ್ನನ್ನು ಸೌದೆ ಒಟ್ಟಿದ ಕಡೆಗೆ ಎಳೆದುಕೊಂಡು ಹೋದ. "ಯಜಮಾನ್ರ ತಾವ ನೀನೇ ಕೇಳ್ಲಾ" ಎಂದ. "ಎಲ್ಲಾ ಯೋಳು, ನಾಕು ದಿನ ರಜಾ ಬೇಕು ಅನ್ನು. ನಾನೇ ಕೇಳಿ, ಅವ್ರು ಇಲ್ಲ ಅಂದ್ಬುಟ್ರೆ, ಈ ಕೈ ಸುಮ್ಕಿರಾಕಿಲ್ಲ." ಅಂಥ ಗಂಡಸು ನನ್ನ ತೋಳು ಹಿಡಿದು ಬೇಡುತ್ತಿದ್ದ.

ನಾನು ಹೋದೆ. ಯಜಮಾನರು ಮುಂಬಾಗಿಲಲ್ಲಿ ಜನರನ್ನು ಕೂರಿಸುತ್ತಿದ್ದರು. ಪ್ಲೇಗು ಎಂದರೆ ಏನಾಗುತ್ತದೆ ಎಂದು ನಡೆಯುತ್ತಲೇ ಯೋಚಿಸಿದೆ. ಆ ಮಾತು ಕಿವಿಗೆ ಬಿದ್ದರೆ ಊಟಕ್ಕೆ ಕೂತವರು ಎದ್ದು ಓಡುತ್ತಾರೆ. ಅವನನ್ನು ಅಲ್ಲೇ ಕೆಲಸದಿಂದ ತೆಗೆದು ಹಾಕುತ್ತಾರೆ, ಅವನ ಜೊತೆ ಒಂದೇ ಕೋಣೆಯಲ್ಲಿ ಮಲಗುವ ನನ್ನನ್ನೂ. ಇದೆಲ್ಲ ನಿಜವಾದ ಕಾರಣ. ಜೊತೆಗೆ, ಯಜಮಾನರ ಮುಖ ನೋಡಿದ ಕೂಡಲೇ ನನಗೆ ಹೆದರಿಕೆಯಾಯಿತು. ಅದೂ ನಿಜ.

"ಅಣ್ಣನ ಅಕ್ಕುಂಗೆ ಒಸಿ ಜ್ವರವಂತೆ. ನಾಕು ದಿನ ರಜಾ ಬೇಕಂತೆ" ಎಂದೆ.

"ಜ್ವರ ತಾನೆ. ಕಷಾಯ ಕುಡಿದು ಮಲಗಲಿ. ದಸರೆ ಕಳೆದ ಮೇಲೆ ನೋಡೋಣ ಅನ್ನು" ಎಂದು ಅವರು ಇನ್ನೊಂದು ಗುಂಪಿನ ಕಡೆ ತಿರುಗಿದರು.

ಹಿಂದಕ್ಕೆ ಬಂದು ಹೇಳಿದೆ. ಅವನು ಕೇಳಿದ: "ಎಲ್ಲಾ ಯೋಳ್ದಾ?"

"ಹೇಳ್ದೆ."

"ಗಡ್ಡೆ ಇಚಾರ?"

"ಅದೂ ಹೇಳ್ದೆ."

ಈ ಎರಡು ಉತ್ತರಗಳನ್ನು ನಾನು ಇಷ್ಟು ವರ್ಷ ಹೊತ್ತುಕೊಂಡು ಬಂದಿದ್ದೇನೆ.

ಗಡ್ಡೆ ಎದ್ದಿದೆ ಎಂದು ತಿಳಿದ ಮೇಲೂ ಈ ಮನುಷ್ಯ ಇಲ್ಲ ಅಂದನಲ್ಲ ಎಂದು ಅವನು ಅಂದುಕೊಂಡಿರಬೇಕು. ಕೈ ತೊಳೆದ. ಕತ್ತಿಯನ್ನು ನನ್ನ ಕೈಗೆ ಕೊಟ್ಟು, "ಇದು ನಿನ್ ತಾವ್ಲೇ ಇರ್ಲಿ" ಎಂದ. ಅಷ್ಟರಲ್ಲಿ ಸಾರು ತಡವಾಯಿತೆಂದು ಯಜಮಾನರೇ ಅಡಿಗೆಮನೆಗೆ ಬಂದರು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ತೆಗೆದುಕೊಂಡ. ಎಡಗೈ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದದ್ದು ಹಿಂದೆ ನಿಂತಿದ್ದ ನನಗೆ ಕಾಣುತ್ತಿತ್ತು.

"ನಾಕು ದಿನ ಬುಡಿ ಯಜಮಾನ್ರೇ."

"ಆಗಲೇ ಹೇಳಿ ಕಳಿಸಿದೆನಲ್ಲಯ್ಯ. ಒಸಿ ಜ್ವರ ಬಂತು ಅಂತ ದಸರೆ ಹೊತ್ತಿನಲ್ಲಿ ರಜಾ ಕೇಳ್ತೀಯಲ್ಲ, ನಿಮ್ಮಕ್ಕ ಏನು ಮಹಾರಾಣಿಯೇನಯ್ಯ?"

ಅವನು ನಿಧಾನವಾಗಿ ನನ್ನ ಕಡೆ ತಿರುಗಿದ. ಒಸಿ ಜ್ವರ ಎಂಬ ಮಾತು ಎಲ್ಲಿಂದ ಬಂತೆಂದು ಅವನಿಗೆ ಆಗ ತಿಳಿಯಿತು. ಮತ್ತೆ ಯಜಮಾನರ ಕಡೆ ತಿರುಗಿ ಬಾಯಿ ತೆರೆದ. ಜ್ವರ ಅಲ್ಲ, ಪ್ಲೇಗು ಎಂದಿದ್ದರೆ ಮುಗಿಯುತ್ತಿತ್ತು. ಮಾತು ಬರಲಿಲ್ಲ. ನಾನಾದರೂ ಹೇಳಬಹುದಿತ್ತು. ಕತ್ತಿ ಹಿಡಿದು ನಿಂತಿದ್ದೆ.

"ಏನು ಬಾಯಿ ಬಿಟ್ಕೊಂಡು ನಿಂತಿದೀಯ, ಒಲೆ ನೋಡು ಹೋಗು" ಎಂದು ಯಜಮಾನರು ಸೌಟಿನ ಹಿಡಿಯಿಂದ ಅವನ ಎದೆಗೆ ತಿವಿದರು.

ಬೆನ್ನ ಹಿಂದಿನ ಕೈ ಬಿಟ್ಟುಕೊಂಡಿತು. ಅವನು ಯಜಮಾನರ ಅಂಗಿಯ ಎದೆಯನ್ನು ಹಿಡಿದು ನೆಲದಿಂದ ಎತ್ತಿ ಎಸೆದ. ಅವರು ಒಲೆಯ ಕಟ್ಟೆಗೆ ಬಡಿದು, ಕುದಿಯುತ್ತಿದ್ದ ಸಾರಿನ ಕೊಪ್ಪರಿಗೆಯನ್ನು ಕೆಡವಿಕೊಂಡು ಬಿದ್ದರು. ಸಾರೆಲ್ಲ ಅವರ ಕಾಲಿನ ಮೇಲೆ ಹರಿಯಿತು. ಅವರು ಕಿರುಚಿದ್ದು ಸ್ಟೇಷನ್ನಿಗೆ ಕೇಳಿಸಿತು ಎಂದು ಆಮೇಲೆ ಜನ ಹೇಳಿದರು. ಅವನೇ ಬಗ್ಗಿ ಆ ಸಾರಿನೊಳಗೆ ಕೈ ಹಾಕಿ ಅವರನ್ನು ಎಳೆದು ಆಚೆಗೆ ಹಾಕಿದ. ಅವನ ಬಲಗೈ ಮೊಣಕೈವರೆಗೆ ಬೆಂದು ಚರ್ಮ ಜಾರಿತು.

ಅಲ್ಲಿಗೆ ನಿಲ್ಲಲಿಲ್ಲ. ಬೆಂದ ಕೈಯಲ್ಲೇ ಕೊಡಲಿ ತೆಗೆದುಕೊಂಡ. ಮಡಕೆಗಳನ್ನು ಒಡೆದ, ಒಲೆಗಳನ್ನು ಒಡೆದ, ಮಣೆಗಳನ್ನು ಸೀಳಿದ. ಹಿಡಿಯಲು ಹೋದ ಇಬ್ಬರಲ್ಲಿ ಒಬ್ಬನ ಮೂಗು ಮುರಿಯಿತು. ಊಟಕ್ಕೆ ಕೂತವರು ತಟ್ಟೆ ಬಿಟ್ಟು ಬೀದಿಗೆ ಓಡಿದರು. ಇಷ್ಟಾದರೂ ಅವನ ಬಾಯಿಂದ ಒಂದು ಮಾತೂ ಬರಲಿಲ್ಲ, ಉಸಿರಿನ ಸದ್ದು ಮಾತ್ರ. ಒಡೆಯಲು ಇನ್ನೇನೂ ಉಳಿಯದಾಗ ಕೊಡಲಿ ಹಾಕಿ ಕುಕ್ಕರಿಸಿ ಕೂತ. ಪೊಲೀಸಿನವರು ಬಂದು ಕುರಿ ಕಟ್ಟುವ ಹಗ್ಗದಲ್ಲಿ ಅವನನ್ನು ಕಟ್ಟಿ ಕರೆದುಕೊಂಡು ಹೋದರು. ಬೀದಿಯಲ್ಲಿ ಹೋಗುವಾಗ ಅವನು ನನ್ನನ್ನು ನೋಡಲಿಲ್ಲ.

ಮಾರನೆಯ ಬೆಳಗ್ಗೆ ಯಜಮಾನರ ಮನೆಗೆ ಹೋದೆ. ಕಾಲಿಗೆ ಸುಣ್ಣದ ತಿಳಿ, ಕೊಬ್ಬರಿ ಎಣ್ಣೆ ಹಚ್ಚಿ ಬಾಳೆಲೆ ಮೇಲೆ ಮಲಗಿಸಿದ್ದರು. ನಾನು ಬಾಗಿಲಲ್ಲೇ ಕೂತು ಎಲ್ಲವನ್ನೂ ಹೇಳಿದೆ. ಜ್ವರವಲ್ಲ, ಪ್ಲೇಗು, ಅವನು ಎಲ್ಲ ಹೇಳು ಎಂದಿದ್ದ, ಹೇಳದವನು ನಾನು.

"ಪ್ಲೇಗು ಅಂದಿದ್ರೆ ಕಳಿಸ್ತಿದ್ರಾ ಯಜಮಾನ್ರೇ?" ಎಂದು ಕೇಳಿದೆ. ಇಲ್ಲ ಎಂದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

"ಪ್ಲೇಗು ಅಂದಿದ್ರೆ ಆ ಗಳಿಗೇಲೇ ಊರಿಂದಾಚೆಗೆ ಓಡಿಸ್ತಿದ್ದೆ. ಓಡಿಸಿದ್ರೆ ಅವನು ಇಷ್ಟೊತ್ತಿಗೆ ಅಕ್ಕನ ಹತ್ರ ಇರ್ತಿದ್ದ" ಎಂದರು.

ನನಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಅವರು ಠಾಣೆಗೆ ಹೇಳಿ ಕಳಿಸಿದರು. ಕೊಪ್ಪರಿಗೆ ತಾನಾಗಿ ಉರುಳಿತು, ನನ್ನ ದೂರು ಏನೂ ಇಲ್ಲ ಎಂದು. ಆದರೆ ಮುಚ್ಚಳಿಕೆಯ ಮನುಷ್ಯನನ್ನು ಬಿಡಲು ಅಮಲ್ದಾರರ ಅಪ್ಪಣೆ ಬೇಕು, ಅವರು ತಾಲ್ಲೂಕು ಸುತ್ತಲು ಹೋಗಿದ್ದಾರೆ, ಬರಲು ಮೂರು ದಿನ ಎಂದು ಉತ್ತರ ಬಂತು. ನಾನು ಅಲ್ಲಿಂದಲೇ ಹೊರಟೆ. ಅರ್ಕಾವತಿ ದಾಟಿ ಮಾಗಡಿಯ ಕಡೆಗೆ ಕಾಲುದಾರಿಯಲ್ಲಿ ನಡೆದೆ. ಹೊತ್ತು ಇಳಿಯುವಾಗ ಸಾವನದುರ್ಗದ ನೆರಳು ಹೊಲದ ಮೇಲೆ ಬಿದ್ದಿತ್ತು. ಗುಡಿಸಲು ಹಾಕಿಕೊಂಡವರು ದೂರದಿಂದಲೇ ಕೈ ಮಾಡಿ ತೋರಿಸಿದರು. ಅಕ್ಕನದು ಎಲ್ಲಕ್ಕಿಂತ ಆಚೆಗೆ, ಒಂಟಿಯಾಗಿತ್ತು.

ಅಕ್ಕ ದೊಡ್ಡ ಮೈಕಟ್ಟಿನ ಹೆಂಗಸು. ಮೈ ಕೆಂಡವಾಗಿತ್ತು, ಕಣ್ಣು ಕೆಂಪಾಗಿತ್ತು. ಪಕ್ಕದಲ್ಲಿ ಆ ಹುಡುಗಿ ಮಡಕೆ ಹಿಡಿದು ಕೂತಿದ್ದಳು. ನೀರು ಕೊಡಲು ಹೋದಾಗ ಅಕ್ಕ ನನ್ನ ಕೈಗೆ ಹೊಡೆದಳು. ಮಡಕೆ ಉರುಳಿತು.

"ಯಾವನ್ಲಾ ನೀನು?"

ಹೇಳಿದೆ, ಅಣ್ಣನ ಜೊತೆ ಹೋಟೆಲಲ್ಲಿ ಕೆಲಸ ಮಾಡುವವನು ಎಂದು.

"ರಜಾ ಕೊಟ್ರಾ ಅವುಂಗೆ?"

"ಕೊಟ್ರು ಅಕ್ಕ. ನಾಳಿಕೆ ಬತ್ತಾರೆ."

"ಯಾರ್ಗೂ ಹೊಡೀನಿಲ್ಲ ತಾನೆ?"

"ಇಲ್ಲ ಅಕ್ಕ. ಬಾಯಲ್ಲೇ ಕೇಳುದ್ರು."

ಅವಳು ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು. "ಹಂಗಾರೆ ಬುದ್ಧಿ ಬಂತು" ಎಂದು ಗೋಡೆಯ ಕಡೆ ಹೊರಳಿದಳು. ಮತ್ತೆ ಮಾತಾಡಲಿಲ್ಲ. ಮಾರನೆಯ ಮಧ್ಯಾಹ್ನ ಸತ್ತಳು. ಒಬ್ಬ ಮುದುಕ ದೂರದಿಂದ ಗುದ್ದಲಿ ಎಸೆದು ಕೊಟ್ಟ. ನಾನೊಬ್ಬನೇ ಗುಂಡಿ ತೋಡಿದೆ. ಹುಡುಗಿ ಮೂರು ಹಿಡಿ ಮಣ್ಣು ಹಾಕಿದಳು.

ಅಣ್ಣ ಬಿಡುಗಡೆಯಾಗಿ ಬಂದದ್ದು ಎರಡು ದಿನದ ಮೇಲೆ. ನಾನು ಗುಡಿಸಲ ಮುಂದೆ ಹುಡುಗಿಗೆ ಗಂಜಿ ಕಾಯಿಸುತ್ತಿದ್ದೆ. ಅವನ ಬಲಗೈಗೆ ಬಟ್ಟೆ ಸುತ್ತಿತ್ತು. ಖಾಲಿ ಚಾಪೆಯನ್ನೂ ಆಚೆಯ ಹೊಸ ಮಣ್ಣನ್ನೂ ನೋಡಿದ. ನಾನು ಎದ್ದು ನಿಂತೆ. "ಅಣ್ಣ, ನಾನು ಗಡ್ಡೆ ಇಚಾರ ಹೇಳಿರ್ಲಿಲ್ಲ" ಎಂದೆ.

ಮೊದಲ ಏಟಿಗೇ ಬಿದ್ದೆ. ಎತ್ತಿ ನಿಲ್ಲಿಸಿ ಮತ್ತೆ ಹೊಡೆದ. ಬೆಂದ ಕೈ, ಬೇಯದ ಕೈ ಎಂದು ನೋಡಲಿಲ್ಲ. ನೆಲದಲ್ಲಿ ಬಿದ್ದ ಮೇಲೆ ಪಕ್ಕೆಗೆ ಒದ್ದ. ಒಳಗೆ ಏನೋ ಮುರಿದದ್ದು ನನಗೇ ಕೇಳಿಸಿತು. ಬಾಯಿ ತುಂಬಾ ರಕ್ತ. ನಾನು ಕೈ ಅಡ್ಡ ಇಡಲಿಲ್ಲ, ಇಡಲು ಮನಸ್ಸೂ ಬರಲಿಲ್ಲ. ಅವತ್ತು ಸಾಯುತ್ತೇನೆ ಎಂದೇ ತಿಳಿದಿದ್ದೆ. ಕೊನೆಗೆ ಅವನ ಕೈಯ ಬಟ್ಟೆ ಬಿಚ್ಚಿಕೊಂಡು, ಬೆಂದ ಮಾಂಸ ತೆರೆದು, ನನ್ನ ಅಂಗಿಯೆಲ್ಲ ಒದ್ದೆಯಾಯಿತು. ಅದರಲ್ಲಿ ನನ್ನ ರಕ್ತ ಯಾವುದು, ಅವನದು ಯಾವುದು ಗೊತ್ತಾಗುತ್ತಿರಲಿಲ್ಲ. ಅವನಿಗೆ ಉಸಿರು ಸಿಕ್ಕಲಿಲ್ಲ. ನನ್ನ ಪಕ್ಕದಲ್ಲೇ ಕೂತುಬಿಟ್ಟ.

ಎಷ್ಟೋ ಹೊತ್ತಿನ ಮೇಲೆ ಕೇಳಿದ: "ಏನಾರ ಅಂದ್ಲಾ?"

ರಜಾ ಕೊಟ್ಟರಾ ಎಂದು ಕೇಳಿದ್ದನ್ನು ಹೇಳಿದೆ. ನಾನು ಕೊಟ್ಟರು ಎಂದದ್ದನ್ನು ಹೇಳಿದೆ. ಯಾರಿಗೂ ಹೊಡೆಯಲಿಲ್ಲ ತಾನೆ ಎಂದಳು, ಇಲ್ಲ, ಬಾಯಲ್ಲೇ ಕೇಳಿದರು ಅಂದೆ ಎಂದೆ.

"ನಂಬುದ್ಲಾ?"

"ಬುದ್ಧಿ ಬಂತು ಅಂದ್ರು."

ಅವನು ಎದ್ದು ಹೋಗಿ ಆ ಮಣ್ಣಿನ ಮೇಲೆ ಬೋರಲು ಬಿದ್ದ. ಅಳುವ ಸದ್ದು ಕೇಳಿಸಲಿಲ್ಲ. ಬೆನ್ನು ಮಾತ್ರ ಏರಿ ಇಳಿಯುತ್ತಿತ್ತು. ಹುಡುಗಿ ಹೋಗಿ ಅವನ ಪಕ್ಕ ಕೂತಳು.

ಬೆಳಗ್ಗೆ ನನಗೆ ಏಳಲು ಆಗಲಿಲ್ಲ. ಉಸಿರೆಳೆದರೆ ಪಕ್ಕೆಯಲ್ಲಿ ಚಾಕು ಆಡಿದ ಹಾಗೆ. ಅವನು ತನ್ನ ಪಂಚೆ ಹರಿದು ನನ್ನ ಎದೆಗೆ ಸುತ್ತಿದ. ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡ. ಹುಡುಗಿ ಹಿಂದೆ ನಡೆದಳು. ಮಾಗಡಿ ರಸ್ತೆಗೆ ಬರುವವರೆಗೆ ಒಂದೇ ಒಂದು ಸಲ ಇಳಿಸಿದ. ಅವನ ಬೆಂದ ಕೈ ನನ್ನ ತೊಡೆಗೆ ಅಂಟಿಕೊಂಡು, ಇಳಿಸುವಾಗ ಕಿತ್ತು ಬಂತು. ಅವನು ಹಲ್ಲು ಕಚ್ಚಿಕೊಂಡ, ಅಷ್ಟೆ.

ರಸ್ತೆಯಲ್ಲಿ ಒಂದು ಗಾಡಿ ಸಿಕ್ಕಿತು. ಮಾಗಡಿಯ ಆಸ್ಪತ್ರೆಗೆ ಬಿಡಲು ಕೇಳಿದ. ಗಾಡಿಯವನು ನನ್ನ ಮುಖ ನೋಡಿ ಹೆದರಿ ಎತ್ತು ನಿಲ್ಲಿಸಿದ.

"ಯಾರಪ್ಪ ಹಿಂಗ್ ಬಡ್ದೋರು?"

"ನಾನೇಯ."

ಗಾಡಿಯವನು ನನ್ನನ್ನೂ ಅವನನ್ನೂ ನೋಡಿದ. "ನಿಂಗೆ ಏನಾಗ್ಬೇಕು ಇವ್ನು?"

ಈ ಸಲ ಅವನಿಗೆ ಮಾತು ಸಿಕ್ಕಲು ತಡವಾಯಿತು. ನನ್ನನ್ನು ಹುಲ್ಲಿನ ಮೇಲೆ ಮಲಗಿಸಿ, ತಲೆಯ ಕೆಳಗೆ ಹುಲ್ಲು ಸರಿ ಮಾಡುತ್ತಾ ಯೋಚಿಸಿದ.

"ನಮ್ಮಕ್ಕುನ್ನ ಮಣ್ಣು ಮಾಡ್ದೋನು ಕಣಯ್ಯ" ಎಂದ. "ಕುಲುಕದಂಗೆ ಹೊಡ್ಕೊಂಡು ಹೋಗು."